ಹಿಂದಿನ ಸಾಲು

"ಎರಡರಲ್ಲಿ ಒಂದು ಹೇಳಿ ಅಬ್ಬಾ, ಮೂರೂವರೆ ಬಸ್ಸಿಗೆ ಮುಂಚೆ" ಎಂದು ಮಗಳು ಫೋನಿಟ್ಟಾಗ ಗಂಟೆ ಹತ್ತೂ ಮುಕ್ಕಾಲು. ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಹಾಗೆ ಹಾಕಿದರೆ ಅದು ಇನ್ನೇನೂ ಕೇಳಲಾರದು ಎಂದು ಮನಸ್ಸಿನ ಎಲ್ಲೋ ಒಂದು ಕಡೆ ಅನ್ನಿಸಿರಬೇಕು. ಕಿಟಕಿಯಾಚೆ ಹಳೆ ಕಬ್ಬಿಣ ತುಂಬಿದ ಲಾರಿಯೊಂದು, ಗಾಡಿ ತೂಗುವ ವೇಬ್ರಿಡ್ಜಿನ ಹಲಗೆ ಹತ್ತಿ ನಿಂತಿತ್ತು. ಡ್ರೈವರ್ ಕೆಳಗಿಳಿದು ಸೊಂಟಕ್ಕೆ ಕೈ ಕೊಟ್ಟು ಇವನ ಕಡೆಗೇ ನೋಡುತ್ತಿದ್ದ. ಯಂತ್ರದ ಕೆಂಪು ಅಂಕಿಗಳು ಮೇಲೆ ಕೆಳಗೆ ಹೊಯ್ದಾಡಿ ಹದಿನೆಂಟು ಸಾವಿರದ ನಾನೂರ ಇಪ್ಪತ್ತು ಕಿಲೋದಲ್ಲಿ ನಿಂತವು. ಬಟನ್ ಒತ್ತಿ ಚೀಟಿ ತೆಗೆಯಬೇಕು, ಸಹಿ ಹಾಕಿ ಕೊಡಬೇಕು, ಮುಂದಿನ ಗಾಡಿಗೆ ಕೈ ಬೀಸಬೇಕು. ಇಪ್ಪತ್ತಾರು ವರ್ಷ ಇದನ್ನೇ ಮಾಡಿಕೊಂಡು ಬಂದವನು ಇವತ್ತು ಆ ಅಂಕಿಗಳನ್ನೇ ನೋಡುತ್ತ ಕುಳಿತ. ಮಗಳ ದನಿಯಲ್ಲಿ ಕೋಪವಿದ್ದಿದ್ದರೆ ಸುಲಭವಾಗುತ್ತಿತ್ತು. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ನಿಮ್ಮ ಬಾವಿಯ ನೀರು ಕುಡಿಯಲು ಬರುವುದಿಲ್ಲ ಎಂದು ಜನರಿಗೆ ಹೇಳುವ ದನಿಯಲ್ಲೇ ಇದನ್ನೂ ಹೇಳಿದ್ದಳು. ಬಾ ಅಂದರೆ ಬರುತ್ತಾಳೆ, ಆದರೆ ಇನ್ನು ಮೇಲೆ ನಮಾಜಿನ ಸಾಲಿನಲ್ಲಿ ನಿಲ್ಲುವುದಿಲ್ಲ. ನಿಲ್ಲಲೇಬೇಕು ಅಂದರೆ ಬರುವುದಿಲ್ಲ, ಈ ಶನಿವಾರವೂ ಇಲ್ಲ, ಮುಂದಿನದೂ ಇಲ್ಲ.

"ಹೋದ ಸಲ ಏನಾಯ್ತು ಗೊತ್ತಾ ಅಬ್ಬಾ? ನಮಾಜ್ ಮುಗಿದ ಮೇಲೆ ಅಮ್ಮಿ ಕೈ ಚಾಚ್ಕೊಂಡು ಸಣ್ಣಗೆ ಹೇಳ್ತಿದ್ಲು. ಮಗಳನ್ನ ನನ್ನ ಪಕ್ಕದಲ್ಲೇ ನಿಲ್ಲಿಸಿದ್ದೀಯ ದೇವರೇ, ನಂಗೆ ಇಷ್ಟು ಸಾಕು ಅಂತ. ನಾನೂ ಪಕ್ಕದಲ್ಲಿ ಕೈ ಚಾಚ್ಕೊಂಡು ಕೂತಿದ್ದೆ. ಇನ್ನು ನನ್ನ ಕೈಲಿ ಆಗಲ್ಲ."

"ಗಾಡಿ ನಿಂತಿದೆ, ಆಮೇಲೆ ಮಾತಾಡ್ತೀನಿ" ಎಂದಿದ್ದ ಅವನು. ಗಾಡಿ ನಿಂತದ್ದು ನಿಜವೇ. ಎಂಟು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಅವಳನ್ನು ಬಸ್ ಹತ್ತಿಸಲು ಹೋದಾಗ ಸಿಮೆಂಟಿನ ಬೆಂಚಿನ ಮೇಲೆ ಕುಳಿತು, ಬ್ಯಾಗಿನ ಜಿಪ್ಪನ್ನು ಎಳೆಯುತ್ತ ಬಿಡುತ್ತ, ಅಬ್ಬಾ ನಂಗೆ ನಂಬಿಕೆ ಇಲ್ಲ, ಒಂದೂವರೆ ವರ್ಷ ಆಯ್ತು, ನಿಮಗಾದ್ರೂ ಹೇಳಿರೋಣ ಅನ್ನಿಸ್ತು ಎಂದಿದ್ದಳು. ಅದಕ್ಕೆ ಅವನ ಬಾಯಿಂದ ಬಂದ ಮಾತು "ಬಸ್ ಬಂತು" ಎಂದು. ಬಸ್ ಬಂದದ್ದೂ ನಿಜವೇ. ಅವಳು ಕಿಟಕಿಯಿಂದ ಕೈ ಬೀಸಿದಳು, ಇವನೂ ಬೀಸಿದ, ಮನೆಗೆ ಬಂದು ಊಟ ಮಾಡಿದ. ಮುಂದಿನ ಸಲ ಅವಳು ಬಂದಾಗ ನೀರಿನ ತೊಟ್ಟಿಯ ಹತ್ತಿರ, ಹೆಂಡತಿಯ ಹೊಲಿಗೆ ಮಿಷನ್ನು ಗರಗರ ಎನ್ನುವುದನ್ನು ಖಾತ್ರಿ ಮಾಡಿಕೊಂಡು, ಅಮ್ಮಿಗೆ ಬಿ.ಪಿ. ಇದೆ, ಹೇಳಬೇಡ, ಬಂದಾಗ ಸುಮ್ಮನೆ ನಿಂತುಕೋ, ನಿಂತುಕೊಂಡರೆ ನಿನ್ನದೇನು ಹೋಗುತ್ತೆ ಎಂದು ಕೇಳಿದ್ದ. ಅವಳು ಅವನ ಮುಖ ನೋಡಿ, ಸರಿ ಎಂದಿದ್ದಳು. ಹೆಂಡತಿಯ ಬಿ.ಪಿ. ದಿನಕ್ಕೆ ಒಂದು ಮಾತ್ರೆಯ ಬಿ.ಪಿ.; ಇವನ ಎದೆಬಡಿತಕ್ಕೆ ಹೋಲಿಸಿದರೆ ಏನೂ ಅಲ್ಲ.

ಆಮೇಲೆ ಅವಳು ಬಂದ ಪ್ರತಿ ಶನಿವಾರ ಸಂಜೆ ಮೂರು ಚಾಪೆ ಹಾಸುವುದು, ಮುಂದೆ ಇವನು, ಹಿಂದಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ತಾಯಿ ಮಗಳು. ಮುಂದೆ ನಿಂತು ನಮಾಜ್ ಮಾಡಿಸುವವನು ಹಿಂದೆ ತಿರುಗಿ ನೋಡುವಂತಿಲ್ಲ. ಅದು ಅವನ ಪಾಲಿಗೆ ಹಿಂಸೆಯಾಗಿಬಿಟ್ಟಿತು. ಬಾಯಿ ತನ್ನ ಪಾಡಿಗೆ ಪಠಿಸುತ್ತಿದ್ದರೆ ಮನಸ್ಸೆಲ್ಲ ಬೆನ್ನಿಗೆ ಬಂದು ಕುಳಿತಿರುತ್ತಿತ್ತು. ಬಾಗಿದಾಗ ಅವಳ ದುಪಟ್ಟ ಸರಿದ ಸದ್ದು ಕೇಳಿತೇ, ಹಣೆ ನೆಲಕ್ಕೆ ಇಟ್ಟಾಗ ಎರಡು ಜೊತೆ ಮಂಡಿ ಊರಿದ ಸದ್ದು ಬಂತೇ ಅಥವಾ ಒಂದೇ ಜೊತೆಯೇ. ಒಂದು ಸಂಜೆಯಂತೂ ಮೂರು ಸುತ್ತಿನ ನಮಾಜಿನಲ್ಲಿ ಎರಡಕ್ಕೇ ಮುಗಿಸಲು ಹೊರಟುಬಿಟ್ಟಿದ್ದ. ಹಿಂದಿನಿಂದ ಹೆಂಡತಿ ಅಂಗೈ ತಟ್ಟಿ ಎಚ್ಚರಿಸಿದಳು. ಕೊನೆಗೆ ಮುಖವನ್ನು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ ಸಲಾಂ ಹೇಳುವಾಗ ಕಣ್ಣಂಚಿನಲ್ಲಿ ಮಗಳ ಕಾಲ್ಬೆರಳು ಕಾಣುತ್ತಿದ್ದವು. ಅಷ್ಟು ಕಂಡರೆ ಸಮಾಧಾನ. ದೇವರ ಎದುರು ನಿಂತು ಮಗಳ ಕಾಲ್ಬೆರಳು ಕಾಯುತ್ತಿದ್ದೇನೆ ಎಂದು ಹೊಳೆದು ನಾಚಿಕೆಯಾದದ್ದು ಉಂಟು. ಆದರೆ ನಾಚಿಕೆಯಾಯಿತೆಂದು ಬಿಡಲಾಗಲಿಲ್ಲ.

ಲಾರಿಯವನು ಹಾರ್ನ್ ಹೊಡೆದ. ಅವನು ಬೆಚ್ಚಿ ಬಟನ್ ಒತ್ತಿದ. ಚೀಟಿ ಹೊರಬಂತು. "ಮೇಷ್ಟ್ರೇ, ಪಾಠ ಮುಗೀತಾ?" ಎಂದು ನಕ್ಕ ಡ್ರೈವರ್. ಡ್ರೈವರುಗಳೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಇಪ್ಪತ್ತು ವರ್ಷ, ದಿನಾ ಕೆಲಸ ಮುಗಿಸಿ ಹೋಗಿ ಮಸೀದಿಯ ಪಕ್ಕದ ಕೋಣೆಯಲ್ಲಿ ಓಣಿಯ ಮಕ್ಕಳಿಗೆ ಗ್ರಂಥ ಓದಲು ಕಲಿಸಿದವನು. ಬಾಯಿಪಾಠ ಮಾಡಿಸುವುದು, ಅರ್ಥ ಹೇಳುವುದು. ಕೈಯಲ್ಲಿ ಮರದ ಒಂದು ಅಡಿಪಟ್ಟಿ ಇರುತ್ತಿತ್ತು, ಸಾಲು ತೋರಿಸುವುದಕ್ಕೆಂದು. ಮಗಳೂ ಆ ಕೋಣೆಯಲ್ಲೇ ಕಲಿತವಳು. ಈ ಎಂಟು ತಿಂಗಳಲ್ಲಿ ಅವನಿಗೆ ಒಂದು ಸಂಜೆ ಪದೇ ಪದೇ ಕಣ್ಣೆದುರು ಬರುತ್ತಿತ್ತು. ಅವಳಿಗೆ ಆಗ ಒಂಬತ್ತು. ಧರ್ಮದ ವಿಷಯದಲ್ಲಿ ಬಲವಂತವಿಲ್ಲ ಎನ್ನುವ ವಾಕ್ಯ ಆ ದಿನದ ಪಾಠ. ಎಲ್ಲ ಮಕ್ಕಳೂ ಒಪ್ಪಿಸಿದರು, ಇವಳು ಮಾತ್ರ ನಡುವೆ ಒಂದು ಪದ ನುಂಗಿದಳು. ಮತ್ತೆ ಹೇಳು ಅಂದ, ಮತ್ತೆ ನುಂಗಿದಳು. ಬೇರೆಯವರ ಮಕ್ಕಳು ಹೇಳುತ್ತಾರೆ, ಮೇಷ್ಟ್ರ ಮಗಳಿಗೆ ಬರುವುದಿಲ್ಲ. ಕೈ ಚಾಚು ಅಂದ. ಎರಡು ಏಟು. ಅವಳು ಅಳಲಿಲ್ಲ, ಅಂಗೈಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಅದೇ ಅಡಿಪಟ್ಟಿ ಹಿಡಿದು ಮಕ್ಕಳಿಗೆ ಅರ್ಥ ವಿವರಿಸಿದ್ದ, ನಂಬಿಕೆ ಎನ್ನುವುದು ಮನಸ್ಸಿನೊಳಗಿನಿಂದ ಬರಬೇಕು, ಹೊಡೆದು ಬಡಿದು ತರಿಸುವಂಥದ್ದಲ್ಲ, ಅದಕ್ಕೇ ದೇವರು ಹೀಗೆ ಹೇಳಿದ್ದಾನೆ ಎಂದು. ಮಕ್ಕಳು ತಲೆ ಆಡಿಸಿದ್ದವು. ಆಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಹದಿನೆಂಟು ವರ್ಷ ಬಿಟ್ಟು ಈಗ, ಲಾರಿಗಳ ನಡುವೆ ಕುಳಿತು, ಆ ಎರಡು ಏಟನ್ನೇ ಎಣಿಸುತ್ತಿದ್ದ. ಅವಳು ಬಿಟ್ಟದ್ದು ಅದಕ್ಕೇ. ಅಲ್ಲಿಂದಲೇ ಶುರುವಾಗಿದ್ದು. ಹೀಗೆ ಅಂದುಕೊಳ್ಳುವಾಗ ದುಃಖದ ಜೊತೆಗೆ ಒಂದು ರೀತಿಯ ನೆಮ್ಮದಿಯೂ ಇರುತ್ತಿತ್ತು ಎನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕೆಡಿಸಿದವನು ತಾನಾದರೆ ಸರಿ ಮಾಡುವವನೂ ತಾನೇ ಆಗಬಹುದಲ್ಲ.

ಹನ್ನೆರಡರ ಹೊತ್ತಿಗೆ ಗುಜರಿ ಯಾರ್ಡಿನ ಮ್ಯಾನೇಜರ್ ಎರಡು ಚೀಟಿ ಹಿಡಿದುಕೊಂಡು ಕ್ಯಾಬಿನ್ನಿಗೆ ಬಂದ. ವಯಸ್ಸಿನಲ್ಲಿ ಇವನ ಅರ್ಧ, ಮಾತಿನಲ್ಲಿ ನಯ. ತುಂಬಿದ ಗಾಡಿಯನ್ನು ಒಮ್ಮೆ, ಸರಕು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ ತೂಗಿ ಕಳೆಯುವುದು ಇಲ್ಲಿಯ ಕ್ರಮ. ಇವನು ಒಂದು ಗಾಡಿಯ ಖಾಲಿ ತೂಕವನ್ನು ಇನ್ನೊಂದರ ಹೆಸರಿಗೆ ಹಾಕಿದ್ದ.

"ಮೇಷ್ಟ್ರೇ, ನೋಡಿ ಇದನ್ನ. ಮಾಲು ಇಳಿಸಿದ ಮೇಲೆ ಗಾಡಿ ಆರುನೂರು ಕಿಲೋ ಜಾಸ್ತಿ ಆಗಿದೆ. ಡ್ರೈವರ್ ಊಟ ಜೋರಾಗಿ ಮಾಡಿರಬೇಕು."

ಬಾಗಿಲಲ್ಲಿ ನಿಂತಿದ್ದ ಇಬ್ಬರು ಡ್ರೈವರುಗಳು ನಕ್ಕರು. ಅವನೂ ನಗಲು ನೋಡಿದ. ನನ್ನ ತಪ್ಪು, ಗಮನ ಇರಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಮಿಷನ್ ಬೆಳಗ್ಗೆಯಿಂದ ಯಾಕೋ ಒಂಥರಾ ಆಡ್ತಿದೆ."

"ಹೌದಾ? ಮುಂಚೇನೇ ಹೇಳ್ಬಾರ್ದಾ. ಮೆಕ್ಯಾನಿಕ್ಕನ್ನ ಕರೆಸ್ತೀನಿ. ಅಲ್ಲೀವರೆಗೂ ಯಾವ ಗಾಡೀನೂ ಹತ್ತಿಸ್ಬೇಡಿ" ಎಂದು ಮ್ಯಾನೇಜರ್ ಹೊರಟೇ ಹೋದ. ಬಿಸಿಲಿನಲ್ಲಿ ಐದು ಲಾರಿಗಳು ಸಾಲುಗಟ್ಟಿ ನಿಂತವು. ಅವುಗಳ ಡ್ರೈವರುಗಳು ಗಾಡಿಯ ನೆರಳಿಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು. ಇವನು ಕಿಟಕಿಯ ಪರದೆ ಅರ್ಧ ಎಳೆದ.

ಕ್ಯಾಬಿನ್ನಿನ ಹಿಂದೆ ಗ್ರೀಸ್ ಡಬ್ಬಿ, ಹಳೆ ಟೈರು, ಪೊರಕೆ ಇಡುವ ಸಣ್ಣ ಜಾಗ. ಮಧ್ಯಾಹ್ನದ ನಮಾಜನ್ನು ಅಲ್ಲಿಯೇ ಮುಗಿಸಿ ಅವನು ಎಂದಿನಂತೆ ಕೈ ಚಾಚಿದ. ಎಂಟು ತಿಂಗಳಿಂದ ಅವನ ಬೇಡಿಕೆ ಒಂದೇ. ನನ್ನ ಮಗಳನ್ನು ಕ್ಷಮಿಸು, ಅವಳದೇನೂ ತಪ್ಪಿಲ್ಲ, ಅವಳ ಹೊರೆ ನನ್ನ ತಲೆಯ ಮೇಲಿಡು. ಹೇಳುವಾಗ ಒಮ್ಮೊಮ್ಮೆ ಕಣ್ಣು ತುಂಬುತ್ತಿತ್ತು, ತಾನು ಒಳ್ಳೆಯ ತಂದೆ ಅನ್ನಿಸುತ್ತಿತ್ತು. ಇವತ್ತು ಹೊರೆ ಎನ್ನುವ ಮಾತಿನ ಹತ್ತಿರ ನಾಲಿಗೆ ತಡೆಯಿತು. ಇದನ್ನೂ ತಾನೇ ಕಲಿಸಿದ್ದ. ಹೊರುವವರು ಯಾರೂ ಇನ್ನೊಬ್ಬರ ಹೊರೆ ಹೊರುವುದಿಲ್ಲ. ಭಾರದಿಂದ ಬಗ್ಗಿದವನು ಕೂಗಿ ಕರೆದರೂ, ಕೇಳಿಸಿಕೊಂಡವನು ಹತ್ತಿರದ ನೆಂಟನೇ ಆಗಿದ್ದರೂ, ಅದರಲ್ಲಿ ಒಂದು ಚೂರನ್ನೂ ಎತ್ತಿಕೊಡಲಾಗುವುದಿಲ್ಲ. ಮಕ್ಕಳಿಗೆ ಇದನ್ನು ಹೇಳುವಾಗ ತನ್ನ ಕೆಲಸದ ಉದಾಹರಣೆ ಕೊಡುತ್ತಿದ್ದ, ಒಂದು ಸಲಕ್ಕೆ ಒಂದೇ ಗಾಡಿ ಕಣ್ರೋ ಎಂದು. ಮಕ್ಕಳಿಗೆ ಲಾರಿ ಎಂದರೆ ಖುಷಿ. ಹತ್ತಿರದ ನೆಂಟ ಎನ್ನುವಲ್ಲಿ ಅವನು ಎಂದೂ ನಿಂತು ನೋಡಿರಲಿಲ್ಲ, ಓದಿಕೊಂಡು ಮುಂದೆ ಹೋಗಿದ್ದ. ಮಹಾಪ್ರಳಯದ ಪ್ರವಾದಿಯ ಪಾಠದಲ್ಲೂ ಅಷ್ಟೇ. ನೀರು ಏರುತ್ತಿದೆ, ಹಡಗಿನಲ್ಲಿ ನಿಂತ ತಂದೆ, ಮಗನೇ ನಮ್ಮ ಜೊತೆ ಹತ್ತು ಎಂದು ಕರೆಯುತ್ತಾನೆ. ಬೆಟ್ಟ ಹತ್ತಿಕೊಳ್ಳುತ್ತೇನೆ ಎನ್ನುತ್ತಾನೆ ಮಗ. ಇಬ್ಬರ ನಡುವೆ ಒಂದು ಅಲೆ ಬರುತ್ತದೆ. ತರಗತಿಯಲ್ಲಿ ಮುಂದಿನ ಹಲ್ಲೆರಡು ಬಿದ್ದ ಹುಡುಗಿಯೊಬ್ಬಳಿದ್ದಳು, ಟೈಲರನ ಮಗಳು. ಅವಳು ಎದ್ದು ನಿಂತು, ಅಪ್ಪ ದೊಡ್ಡೋರಲ್ವಾ, ಕೈ ಹಿಡಿದು ಎಳೆದು ಹಡಗಿಗೆ ಹಾಕ್ಕೊಳ್ಬಹುದಿತ್ತಲ್ಲ ಎಂದು ಕೇಳಿದ್ದಳು. ಮುಂದಿನ ಸಾಲು ಓದು ಎಂದು ಅವನು ಅಡಿಪಟ್ಟಿ ತೋರಿಸಿದ್ದ. ಈಗ ಟೈರಿನ ಪಕ್ಕದಲ್ಲಿ ಕೈ ಚಾಚಿಕೊಂಡು ಕುಳಿತವನಿಗೆ, ಆ ತಂದೆ ಕರೆದದ್ದು ಬಿಟ್ಟು ಬೇರೇನೂ ಮಾಡಲಿಲ್ಲ ಎನ್ನುವುದು ಮೊದಲ ಸಲ ಕೇಳಿದ ಹಾಗೆ ಕೇಳಿಸಿತು. ಪ್ರವಾದಿಯಾದವನು ಕರೆದು ಸುಮ್ಮನಾದ. ತಾನು ಮಗಳ ರಟ್ಟೆ ಹಿಡಿದು ಎಂಟು ತಿಂಗಳು ಚಾಪೆಯ ಮೇಲೆ ನಿಲ್ಲಿಸಿದ್ದ.

ಊಟದ ಡಬ್ಬಿ ಬಿಚ್ಚಿದ, ಎರಡು ತುತ್ತು ತಿಂದು ಮುಚ್ಚಿದ. ಹೆಂಡತಿಗೆ ಹೇಳಿಬಿಟ್ಟರೆ? ಅವಳು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು, ಕತ್ತರಿಯ ಹಾಗೆ ನೇರ. ಮೂವತ್ತು ವರ್ಷದಲ್ಲಿ ಅವಳು ಅವನಿಂದ ಮುಚ್ಚಿಟ್ಟದ್ದು ಒಂದು ಹೊಸ ಪ್ರೆಶರ್ ಕುಕ್ಕರ್ ಮಾತ್ರ, ಅದನ್ನೂ ಎರಡನೇ ದಿನ ಹೇಳಿ ನಕ್ಕಿದ್ದಳು. ಅವಳು ಮಗಳ ಮೇಲೆ ಕೂಗಾಡಬಹುದು, ಅಳಬಹುದು, ಊಟ ಬಿಡಬಹುದು. ಆದರೆ ಅವನಿಗೆ ಹೆದರಿಕೆ ಅದಲ್ಲ ಎನ್ನುವುದು ಅನ್ನದ ಮುಂದೆ ಕುಳಿತಾಗ ಮೆಲ್ಲಗೆ ತಿಳಿಯಿತು. ಮೇಷ್ಟ್ರ ಮಗಳೇ ನಮಾಜ್ ಬಿಟ್ಟಳಂತೆ ಎಂದು ಓಣಿಯವರು ಅನ್ನುವ ಹೆದರಿಕೆಯೂ ಪೂರ್ತಿ ಅಲ್ಲ. ಮಗಳು ಒಂದು ಕಡೆ ಹೋಗಿದ್ದಾಳೆ, ತಾನಿಲ್ಲದೆ, ತನ್ನನ್ನು ಕೇಳದೆ, ತಿರುಗಿ ಕೂಡ ನೋಡದೆ. ಸಾಲಿನಲ್ಲಿ ನಿಂತಿರುವಷ್ಟು ಕಾಲ ಅವಳು ಹೋಗಿಲ್ಲ ಎಂದು ತಾನು ನಂಬಬಹುದಿತ್ತು. ಅಷ್ಟೇ ಇದ್ದದ್ದು. ಅವನಿಗೆ ತುಂಬ ದುಃಖವಾಯಿತು.

ಮೆಕ್ಯಾನಿಕ್ ಬಂದಾಗ ಎರಡೂ ಮುಕ್ಕಾಲು. ಮಧ್ಯ ವಯಸ್ಸಿನ ಆಸಾಮಿ, ಕಿವಿಯ ಮೇಲೆ ಪೆನ್ಸಿಲ್ಲು. ಹಲಗೆಯ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದ, ವೈರುಗಳನ್ನು ಒಂದೊಂದಾಗಿ ಮುಟ್ಟಿದ, ಇಪ್ಪತ್ತು ಕಿಲೋದ ತೂಕದ ಬಟ್ಟುಗಳನ್ನು ನಾಲ್ಕು ಮೂಲೆಗೂ ಇಟ್ಟು ತೆಗೆದ. ಪ್ರತಿ ಸಲವೂ ಅಂಕಿ ಇರಬೇಕಾದಲ್ಲೇ ಇತ್ತು. ಡ್ರೈವರುಗಳು ಸುತ್ತ ನಿಂತು ನೋಡುತ್ತಿದ್ದರು, ಮ್ಯಾನೇಜರ್ ಕೂಡ. ಅವನು ಮಾತ್ರ ಕ್ಯಾಬಿನ್ನಿನ ಮೆಟ್ಟಿಲ ಮೇಲೆ, ಕೆಳಗೆ ಇಳಿಯಲೋ ಒಳಗೆ ಹೋಗಲೋ ತಿಳಿಯದೆ ನಿಂತಿದ್ದ.

"ಮಿಷನ್ ಸರಿಯಾಗೇ ಇದೆಯಲ್ಲ" ಎಂದ ಮೆಕ್ಯಾನಿಕ್.

"ಬೆಳಗ್ಗೆ ಹಂಗಿತ್ತು."

ಮ್ಯಾನೇಜರ್ ಅವನನ್ನು ನೋಡಿದ. ಮೆಕ್ಯಾನಿಕ್ ಒಂದು ಕ್ಷಣ ಇಬ್ಬರ ಮುಖವನ್ನೂ ಓದಿ, "ಬಿಸಿಲಿಗೆ ಒಮ್ಮೊಮ್ಮೆ ಆಗುತ್ತೆ ಬಿಡಿ, ಹಳೇ ಮಿಷನ್ನು" ಎಂದು ಮುಚ್ಚಳ ಹಾಕಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗುರುತಿಲ್ಲದವನೊಬ್ಬ ತನ್ನ ಸುಳ್ಳಿಗೆ ಬಟ್ಟೆ ಹೊದಿಸಿ ಹೋದನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಗಾಡಿಗಳು ಒಂದೊಂದಾಗಿ ಹತ್ತಿದವು. ಕೊನೆಯ ಗಾಡಿಯ ಚೀಟಿಗೆ ಸಹಿ ಹಾಕಿ ನೋಡಿದರೆ ಮೂರೂ ಇಪ್ಪತ್ತು. ಫೋನು ತೆಗೆದು "ಬಾ" ಎಂದು ಕಳಿಸಿದ. ಅದರ ಮುಂದೆ ಇನ್ನೇನಾದರೂ ಬರೆಯಬೇಕಿತ್ತು. ಬರೆಯಲು ಹೋಗಿ ಅಳಿಸಿದ. ತಕ್ಷಣ "ಅಂದ್ರೆ?" ಎಂದು ಉತ್ತರ ಬಂತು. ಅವನು ಫೋನು ಹಿಡಿದುಕೊಂಡೇ ಕುಳಿತ. ಹತ್ತು ನಿಮಿಷದ ಮೇಲೆ ಅವಳದೇ ಇನ್ನೊಂದು, "ಬಸ್ ಹತ್ತಿದೆ."

ಐದೂವರೆಗೆ ಅವಳು ಬಸ್ಸಿನಿಂದ ಇಳಿದಾಗ ಅವನು ಬೆಂಚಿನ ಪಕ್ಕದಲ್ಲಿ ನಿಂತಿದ್ದ. ಬ್ಯಾಗನ್ನು ತೆಗೆದುಕೊಳ್ಳಲು ಕೈ ಚಾಚಿದ, ಅವಳು ಕೊಡಲಿಲ್ಲ, ಹಗುರ ಇದೆ ಅಬ್ಬಾ ಎಂದಳು. ಮನೆಗೆ ಕಾಲು ಗಂಟೆ ನಡಿಗೆ. ಬೇಕರಿ, ಔಷಧದ ಅಂಗಡಿ, ಮುಚ್ಚಿದ ಶಾಲೆಯ ಉದ್ದನೆಯ ಗೋಡೆ. ಗೋಡೆಯ ಹತ್ತಿರ ಜನ ಇರಲಿಲ್ಲ. ಇಲ್ಲಿ ಹೇಳದಿದ್ದರೆ ಆಗುವುದಿಲ್ಲ ಎಂದು ಅವನು ಶುರು ಮಾಡಿದ.

"ನಿಂಗೆ ಒಂಬತ್ತು ವರ್ಷ ಆಗ. ಎಲ್ಲರ ಮುಂದೆ ಅಡಿಪಟ್ಟೀಲಿ ಹೊಡೆದೆ, ಎರಡು ಏಟು. ಬಲವಂತವಿಲ್ಲ ಅನ್ನೋ ವಾಕ್ಯ ತಪ್ಪಿದ್ದಕ್ಕೇ ಹೊಡೆದೆ."

"ನೀವು ಎಲ್ರಿಗೂ ಹೊಡೀತಿದ್ರಲ್ಲ ಅಬ್ಬಾ."

"ಎಲ್ರಿಗೂ ಬೇರೆ. ಆವತ್ತು, ಆ ವಾಕ್ಯಕ್ಕೆ."

ಅವಳು ನಡೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನಂಗೆ ನೆನಪೇ ಇಲ್ಲ" ಎಂದಳು. ಆಮೇಲೆ ಅವಳಿಗೆ ನಗು ಬಂತು. "ನಿಜವಾಗ್ಲೂ ಆ ವಾಕ್ಯಕ್ಕೇ ಹೊಡೆದ್ರಾ?"

ಎಂಟು ತಿಂಗಳು ಎದೆಯಲ್ಲಿ ಹೊತ್ತು ತಿರುಗಿದ ಸಂಜೆ ಅವಳ ನೆನಪಿನಲ್ಲಿ ಇರಲೇ ಇಲ್ಲ. ತಾನು ಮಾಡಿದ ಪಾಪಕ್ಕೂ ಅವಳ ಬಳಿ ಜಾಗವಿಲ್ಲ ಎಂದು ಅವನಿಗೆ ಅವಮಾನವಾಯಿತು. ಹಠಕ್ಕೆ ಬಿದ್ದವನಂತೆ, "ಅದಕ್ಕೇ ನೀನು ಬಿಟ್ಟಿದ್ದು. ನಿಂಗೆ ಗೊತ್ತಿಲ್ದೆ ಇರಬಹುದು. ಬೇರು ಅಲ್ಲೇ ಇದೆ" ಎಂದ.

"ಅಲ್ಲ. ಏಟಿಗೆ ಬಿಡೋದಾಗಿದ್ರೆ ಹತ್ತನೇ ವಯಸ್ಸಿಗೇ ಬಿಡ್ತಿದ್ದೆ." ಅವಳ ನಗು ಹೋಗಿತ್ತು. "ನಾನು ಮೂರು ವರ್ಷ ಓದಿದೆ ಅಬ್ಬಾ. ನೀವು ಕಲಿಸಿದ್ದನ್ನೇ ಮತ್ತೆ ಮತ್ತೆ ಓದಿದೆ. ಅತ್ತೂ ಇದ್ದೀನಿ, ನಂಬಿಕೆ ಬರ್ಲಿ ಅಂತ. ಕೊನೆಗೆ ಇಲ್ಲ ಅನ್ನಿಸ್ತು. ತಪ್ಪೋ ಸರಿಯೋ, ಅದು ನಂದು. ಮುಂದೆ ಕೇಳೋರು ಯಾರಾದ್ರೂ ಇದ್ರೆ ನಾನೇ ಹೇಳ್ಕೋತೀನಿ. ಅದನ್ನೂ ನಿಮ್ಮದು ಅಂತ ಎತ್ಕೊಂಡು ಹೋಗ್ಬೇಡಿ."

ಗೋಡೆ ಮುಗಿಯುವ ಕಡೆ ಅವಳು ಮೆಲ್ಲಗೆ, "ಬಾ ಅಂತ ಕಳಿಸಿದ್ರಲ್ಲ, ನಿಲ್ಲಬೇಡ ಅಂತಾನೂ ಅರ್ಥ ತಾನೇ?" ಎಂದು ಕೇಳಿದಳು. ಅವನು ಹೂಂ ಎಂದ. "ಹಂಗಾದ್ರೆ ಅಮ್ಮಿಗೆ ಯಾರು ಹೇಳೋದು?" "ನಾನು ಹೇಳ್ತೀನಿ" ಎಂದ. ಹೇಳಿಯೇ ತೀರುತ್ತೇನೆ ಎಂದು ಆ ಕ್ಷಣ ಅವನು ನಿಜವಾಗಿ ಅಂದುಕೊಂಡಿದ್ದ.

ಹೆಂಡತಿ ನೀಲಿ ಬಟ್ಟೆಯ ರಾಶಿಯ ನಡುವೆ ಹೊಲಿಗೆ ಮಿಷನ್ನಿನ ಹಿಂದೆ ಕುಳಿತಿದ್ದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಮಗಳನ್ನು ಕಂಡು ಸೂಜಿ ತೆಗೆದು, "ಬಂದ್ಯಾ? ಮುಖ ನೋಡು, ಎಷ್ಟು ಒಣಗಿದೆ. ಆ ಲ್ಯಾಬಿನಲ್ಲಿ ಬರೀ ನೀರು ಕುಡಿಸಿ ಕೂರಿಸ್ತಾರೇನೋ" ಎಂದಳು. ಚಹಾ ಆಯಿತು. ನೆರಿಗೆ ಸರಿಯಾಗಿ ಕೂರದ ಒಂದು ಸ್ಕರ್ಟಿನ ಬಗ್ಗೆ, ಅಳತೆ ಕೊಟ್ಟ ಮೇಲೆ ದಪ್ಪಗಾದ ಹೆಡ್‌ಮಾಸ್ಟರರ ಮೊಮ್ಮಗಳ ಬಗ್ಗೆ ಅವಳು ಹೇಳಿದಳು, ಮಗಳು ನಕ್ಕಳು. ಅವನು ಈಗ ಹೇಳಲೇ, ಚಹಾ ಮುಗಿದ ಮೇಲೆ ಹೇಳಲೇ, ಲೋಟ ತೊಳೆಯಲು ಎದ್ದಾಗ ಹೇಳಲೇ ಎಂದು ಕಾಯುತ್ತ ಕುಳಿತ. ಅಷ್ಟರಲ್ಲಿ ಸಂಜೆಯ ಅಜಾನ್ ಕೇಳಿತು. ಹೆಂಡತಿ ಹಲ್ಲಿನಲ್ಲಿ ದಾರ ಕಡಿದು ಎದ್ದಳು. ಅವನು ಕೈಕಾಲು ಮುಖ ತೊಳೆದು ವಜೂ ಮುಗಿಸಿ, ನಲ್ಲಿ ಇನ್ನೂ ಸುರಿಯುತ್ತಿರುವಾಗಲೇ, ಇವತ್ತು ಅವಳು ನಿಲ್ಲಲ್ಲ, ಇವತ್ತು ಅವಳು ನಿಲ್ಲಲ್ಲ ಎಂದು ಎರಡು ಸಲ ತುಟಿಯಲ್ಲೇ ಹೇಳಿ ನೋಡಿಕೊಂಡ. ಹೊರಗೆ ಬಂದರೆ ಹೆಂಡತಿ ಚಾಪೆಗಳನ್ನು ಹಾಸಿ ಆಗಿತ್ತು, ಮುಂದೆ ಒಂದು, ಹಿಂದೆ ಎರಡು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಇವನ ಕಡೆ ನೋಡಿದಳು. ಇವನು ನೇರ ಹೋಗಿ ಮುಂದಿನ ಚಾಪೆಯ ಮೇಲೆ, ಇಬ್ಬರಿಗೂ ಬೆನ್ನು ಮಾಡಿ ನಿಂತುಕೊಂಡ. ಬಾಯಿ ತೆರೆಯಲು ಇನ್ನೂ ಹೊತ್ತಿತ್ತು. ಅವನ ಎರಡೂ ಕೈ ಅಭ್ಯಾಸಬಲದಿಂದ ಕಿವಿಯ ತನಕ ಏರಿದವು.

"ಅಮ್ಮಿ, ನಾನು ಮಾಡಲ್ಲ" ಎಂದಳು ಮಗಳು ಹಿಂದಿನಿಂದ.

"ಯಾಕೆ, ಮುಟ್ಟಿನ ದಿನಗಳಾ?"

"ಅಲ್ಲ ಅಮ್ಮಿ. ನಂಗೆ ನಂಬಿಕೆ ಇಲ್ಲ. ಇವತ್ತಿಂದ ನಾನು ನಿಲ್ಲಲ್ಲ."

ಅವನ ಕೈಗಳು ಕಿವಿಯ ಹತ್ತಿರವೇ ಇದ್ದವು. ಇಳಿಸಬೇಕೆಂದು ತೋಚಲಿಲ್ಲ. ಹಿಂದೆ ಹೊಲಿಗೆ ಮಿಷನ್ನಿನ ಸ್ಟೂಲು ಕಿರುಗುಟ್ಟಿತು, ಹೆಂಡತಿ ಕುಳಿತಿರಬೇಕು.

"ಯಾವತ್ತಿಂದ?"

"ಎರಡು ವರ್ಷದ ಮೇಲಾಯ್ತು."

"ಮತ್ತೆ ಇಷ್ಟು ದಿನ ನನ್ನ ಪಕ್ಕದಲ್ಲಿ ನಿಲ್ತಿದ್ದೆಯಲ್ಲ."

ಮಗಳು ಉತ್ತರ ಕೊಡಲಿಲ್ಲ. ಕೊಡುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ತನ್ನದನ್ನು ಹೇಳಿ ಮುಗಿಸಿದ್ದಳು, ಇನ್ನೊಬ್ಬರದನ್ನು ಹೇಳುವವಳಲ್ಲ. ಅವನು ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು. ತಾಯಿಗೆ ನೋವಾಗದಿರಲೆಂದು ಮಗಳೇ ನಿಂತಳು ಎಂದಾಗುತ್ತಿತ್ತು, ಅದೂ ಒಂದು ಮರ್ಯಾದೆಯ ಮಾತೇ. ಅವನು ಕೈ ಇಳಿಸಿ ಹಿಂದಕ್ಕೆ ತಿರುಗಿದ.

"ನಾನೇ ನಿಲ್ಲು ಅಂದಿದ್ದೆ" ಎಂದ. "ಅವಳು ನಂಗೆ ಎಂಟು ತಿಂಗಳ ಹಿಂದೇನೇ ಹೇಳಿದ್ಲು. ನಿಂಗೆ ಹೇಳಬೇಡ, ಸುಮ್ನೆ ನಿಂತ್ಕೋ ಅಂದೆ."

ಹೆಂಡತಿ ತಲೆ ಎತ್ತಿದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಯಾವುದೋ ಬಟ್ಟೆಯನ್ನು ತಪ್ಪು ಅಳತೆಗೆ ಕತ್ತರಿಸಿದ್ದು ಈಗ ತಿಳಿದವಳ ಹಾಗೆ, ಎಲ್ಲಿಂದ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹೋಗಿ ನೋಡುತ್ತಿದ್ದಳು.

"ಅವಳನ್ನ ನನ್ನ ಪಕ್ಕದಲ್ಲಿ ನಿಲ್ಲಿಸಿದ್ದಾನೆ ಅಂತ ನಾನು ದೇವರ ಉಪಕಾರ ನೆನೆದು ಶುಕ್ರ್ ಹೇಳ್ತಿದ್ದೆ" ಎಂದಳು ನಿಧಾನವಾಗಿ. "ಪ್ರತಿ ಸಲ. ನಿಲ್ಲಿಸಿದ್ದು ನೀವಾ?"

ಅವನು ತಲೆ ಆಡಿಸಿದ.

ಅವಳು ಎದ್ದಳು. ಮಗಳ ಕಡೆ ತಿರುಗಿ, "ನೀನು ಹೋಗಿ ಏನಾದ್ರೂ ತಿನ್ನು, ಮಧ್ಯಾಹ್ನ ಊಟ ಮಾಡಿದ್ಯೋ ಇಲ್ವೋ. ನಿನ್ನ ಮೇಲೆ ನಂಗೆ ಸಿಟ್ಟು ಬರೋದಿದೆ, ಇನ್ನೂ ಬಂದಿಲ್ಲ. ಬಂದಾಗ ಮಾತಾಡೋಣ" ಎಂದಳು. ಬಗ್ಗಿ ತನ್ನ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಒಳಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. "ಅವಳದು ಅವಳು ದೇವರ ಮುಂದೆ ಹೇಳ್ಕೋತಾಳೆ. ನಿಮ್ಮದು?" ಎಂದು ಕೇಳಿ, ಅವನ ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬಾಗಿಲನ್ನು ಪೂರ್ತಿ ಹಾಕಲಿಲ್ಲ, ಮುಂದಕ್ಕೆ ತಳ್ಳಿದಳು ಅಷ್ಟೇ. ಒಳಗೆ ಚಾಪೆ ಹಾಸಿದ ಸದ್ದು ಕೇಳಿತು.

ಮಗಳು ಉಳಿದ ಒಂದು ಚಾಪೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು ಅಡುಗೆಮನೆಗೆ ಹೋದಳು. ಸಂಜೆಯ ನಮಾಜಿನ ಹೊತ್ತು ಕಡಿಮೆ, ತಡ ಮಾಡುವಂತಿರಲಿಲ್ಲ. ಅವನು ಮತ್ತೆ ಮುಂದಕ್ಕೆ ತಿರುಗಿ ನಿಂತು, ಒಬ್ಬನೇ, ಗಟ್ಟಿಯಾಗಿ ಅಲ್ಲದೆ ತನಗಷ್ಟೇ ಕೇಳುವ ಹಾಗೆ ಪಠಿಸಿ ನಮಾಜ್ ಮಾಡಿದ. ಬಾಗಿದ, ಎದ್ದ, ಹಣೆ ನೆಲಕ್ಕಿಟ್ಟ, ಮೂರು ಸುತ್ತೂ ಸರಿಯಾಗಿ ಎಣಿಸಿದ. ಬಲಕ್ಕೂ ಎಡಕ್ಕೂ ಸಲಾಂ ಹೇಳಿದ. ಆಮೇಲೆ ಮಂಡಿಯ ಮೇಲೆ ಕುಳಿತು ಕೈ ಚಾಚಿ, ನನ್ನ ಮಗಳನ್ನು ಎಂದು ಎಂದಿನಂತೆ ಶುರು ಮಾಡಿ ತಡೆದ. ಅವಳ ಮಾತನ್ನು ಅವಳು ಹೇಳಿಕೊಳ್ಳುತ್ತೇನೆ ಎಂದಿದ್ದಾಳೆ. ಎಂಟು ತಿಂಗಳಿಂದ ಅವಳ ಹೆಸರಿನಲ್ಲೇ ಬೇಡಿ ರೂಢಿಯಾದವನಿಗೆ ತನ್ನ ಹೆಸರಿನಲ್ಲಿ ಏನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ತಕ್ಷಣ ತಿಳಿಯಲಿಲ್ಲ. ಅವನು ಖಾಲಿ ಕೈಗಳನ್ನು ಚಾಚಿಕೊಂಡು ಕುಳಿತೇ ಇದ್ದ.